ಕೇರಿಯ ಮಕ್ಕಳ ವಿದ್ಯೆ: ಪಂಚಮ ಶಾಲೆಯಿಂದ ಹಾಸ್ಟೆಲಿನವರೆಗೆ

ಮೈಸೂರು ಸಂಸ್ಥಾನದ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಮಹಾರಾಜಾ ಕಾಲೇಜನ್ನು ಕುರಿತು, ಮಹಾರಾಣಿಯವರ ಬಾಲಿಕಾ ಪಾಠಶಾಲೆಯನ್ನು ಕುರಿತು, 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವನ್ನು ಕುರಿತು ವಿಸ್ತಾರವಾಗಿಯೂ ಅಭಿಮಾನದಿಂದಲೂ ಬರೆದಿದ್ದಾರೆ. ಆದರೆ ಅದೇ ಇಲಾಖೆಯ ಆಶ್ರಯದಲ್ಲಿ, ಅದೇ ಬೊಕ್ಕಸದ ಹಣದಿಂದ, ಊರ ಹೊರಗಣ ಕೇರಿಗಳ ಮಕ್ಕಳಿಗಾಗಿ ನಡೆಯುತ್ತಿದ್ದ ಪಂಚಮ ಶಾಲೆಗಳ ಪ್ರಸ್ತಾಪ ಬಂದಾಗ ಅವರ ಲೇಖನಿ ಸಾಮಾನ್ಯವಾಗಿ ಎರಡು ಮೂರು ವಾಕ್ಯಗಳಲ್ಲಿ ಕೆಲಸ ಮುಗಿಸಿ ಮುಂದಿನ ಪ್ರಕರಣಕ್ಕೆ ಸಾಗಿಬಿಡುತ್ತದೆ. ಆ ಶಾಲೆಗಳ ಹೆಸರು ಇಂದು ಯಾವ ಊರಿನ ಯಾವ ಗೋಡೆಯ ಮೇಲೂ ಉಳಿದಂತೆ ಕಾಣುವುದಿಲ್ಲ. ಉಳಿಯಬೇಕಾಗಿತ್ತೆ ಎಂಬ ಪ್ರಶ್ನೆ ಸಹಜವಾದುದೇ. ಅಸ್ಪೃಶ್ಯತೆಯ ಗುರುತನ್ನು ಹೊತ್ತು ಹುಟ್ಟಿದ ಸಂಸ್ಥೆಯನ್ನು ನೆನೆಯುವುದು ಅವಮಾನವನ್ನೇ ನೆನೆದಂತಲ್ಲವೆ ಎಂದು ಕೇಳುವವರಿದ್ದಾರೆ. ಆ ಅವಮಾನದ ನಡುವೆಯೇ ಮೊದಲನೆಯ ಅಕ್ಷರವನ್ನು ತಿದ್ದಿದವರ ಮೊಮ್ಮಕ್ಕಳು ಇಂದು ವಕೀಲರೂ ಅಧ್ಯಾಪಕರೂ ಆಗಿರುವಾಗ ಆ ಮೂಲವನ್ನು ಮರೆಯುವುದು ಕೃತಜ್ಞತೆಯ ಲಕ್ಷಣವೆ ಎಂದು ಮರುಪ್ರಶ್ನೆ ಹಾಕುವವರೂ ಇದ್ದಾರೆ. ನಂದಿಬೆಟ್ಟದ ಸುತ್ತಣ ನಾಲ್ಕು ತಾಲ್ಲೂಕುಗಳನ್ನು, ಎಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನು, ಕಣ್ಣಮುಂದೆ ಇಟ್ಟುಕೊಂಡು ಈ ವಿಷಯವನ್ನು ಸಮಗ್ರವಾಗಿ ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ವಿಚಾರದಲ್ಲಿ ದೂರದ ಒಂದು ದೇಶದ ಅನುಭವ ನಮಗೆ ಬೆಳಕಾಗಬಲ್ಲದು. ಅಮೆರಿಕದ ರಾಜಧಾನಿಯಾದ ವಾಷಿಂಗ್‌ಟನ್ನಿನಲ್ಲಿ, ಗುಲಾಮಗಿರಿ ರದ್ದಾಗಿ ಇನ್ನೂ ಐದಾರು ವರ್ಷಗಳು ಕಳೆದಿರುವಷ್ಟರಲ್ಲಿ, 1870ರಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಒಂದು ಪ್ರೌಢಶಾಲೆ ಪ್ರಾರಂಭವಾಯಿತು. ಅದೇ ಬೆಳೆದು 1916ರಲ್ಲಿ ಕವಿ ಪಾಲ್ ಲಾರೆನ್ಸ್ ಡನ್‌ಬರನ ಹೆಸರನ್ನು ಪಡೆಯಿತು. ವಿಶ್ವವಿದ್ಯಾನಿಲಯಗಳ ಬಾಗಿಲು ಕಪ್ಪು ವಿದ್ವಾಂಸರಿಗೆ ಮುಚ್ಚಿದ್ದುದರಿಂದ ಡಾಕ್ಟರೇಟ್ ಪದವಿ ಪಡೆದವರೂ ಅಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಬೇಕಾಗಿ ಬಂದಿತು. ಅನ್ಯಾಯದಿಂದ ಬಂದ ಆ ಲಾಭವನ್ನು ಮಕ್ಕಳು ಪೂರ್ಣವಾಗಿ ಪಡೆದುಕೊಂಡರು. ಪ್ರತ್ಯೇಕ ಶಾಲೆಗಳ ಪದ್ಧತಿಯನ್ನೇ ನ್ಯಾಯಾಲಯದಲ್ಲಿ ಉರುಳಿಸುವ ವ್ಯೂಹವನ್ನು ರಚಿಸಿದ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಎಂಬ ನ್ಯಾಯವಾದಿ ಆ ಶಾಲೆಯ ವಿದ್ಯಾರ್ಥಿಯೇ ಆಗಿದ್ದನೆಂಬುದು ಗಮನಾರ್ಹ. ವರ್ಜೀನಿಯದ ಮೋಟನ್ ಹೈಸ್ಕೂಲಿನಲ್ಲಿ 1951ರಲ್ಲಿ ಬಾರ್ಬರಾ ಜಾನ್ಸ್ ಎಂಬ ಹದಿನಾರರ ಬಾಲೆ ತನ್ನ ಸಹಪಾಠಿಗಳನ್ನು ಕರೆದುಕೊಂಡು ತರಗತಿಯಿಂದ ಹೊರನಡೆದುದು ಆ ಪದ್ಧತಿಯನ್ನು ಉರುಳಿಸಿದ ಮೊಕದ್ದಮೆಯ ಒಂದು ಬೇರಾಯಿತು. 1954ರಲ್ಲಿ ಪ್ರತ್ಯೇಕ ಶಾಲೆಗಳು ಸಲ್ಲವೆಂಬ ತೀರ್ಪು ಬಂದಿತು. ಆಮೇಲೆ ನಡೆದುದು ವಿಚಿತ್ರ. ಬಿಳಿಯರ ಶಾಲೆಗಳು ಉಳಿದವು, ಕಪ್ಪು ಜನರ ಶಾಲೆಗಳು ಬಹುಮಟ್ಟಿಗೆ ಮುಚ್ಚಿಹೋದವು. ಸಹಸ್ರಾರು ಮಂದಿ ಕಪ್ಪು ಅಧ್ಯಾಪಕರೂ ಮುಖ್ಯೋಪಾಧ್ಯಾಯರೂ ಕೆಲಸ ಕಳೆದುಕೊಂಡರು. ಮೋಟನ್ ಶಾಲೆಯಿದ್ದ ಕೌಂಟಿಯಂತೂ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂಡಿಸಲೊಲ್ಲದೆ 1959ರಿಂದ ಐದು ವರ್ಷಕಾಲ ತನ್ನ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಆದರೆ ಹಳೆಯ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ವರ್ಷ ವರ್ಷವೂ ಕೂಡಿದರು, ಶಾಲೆಯ ಹಾಡನ್ನು ಹಾಡಿದರು, ಶಾಲೆಯ ಬಣ್ಣದ ಬಟ್ಟೆ ತೊಟ್ಟರು, ಕೆಲವೆಡೆ ಕಟ್ಟಡವನ್ನೇ ಉಳಿಸಿಕೊಂಡು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಮೋಟನ್ ಶಾಲೆಯ ಕಟ್ಟಡ ಇಂದು ಅಂಥದೊಂದು ಸಂಗ್ರಹಾಲಯ.

ಈ ಹೋಲಿಕೆ ನಾನು ಬಲವಂತವಾಗಿ ತಂದುದಲ್ಲ. ಮಹಾತ್ಮ ಜೋತಿಬಾ ಫುಲೆಯವರು 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ಯನ್ನು ಗುಲಾಮರ ವಿಮೋಚನೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು, ಅಂಬೇಡ್ಕರರು 1946ರಲ್ಲಿ ಕಪ್ಪು ಜನರ ಮಹಾವಿದ್ವಾಂಸ ಡುಬಾಯಿಸರಿಗೆ ಪತ್ರ ಬರೆದರು, 1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂದು ಹೆಸರಿಟ್ಟುದೂ ಅಲ್ಲಿನ ಚಳವಳಿಯನ್ನು ನೆನೆದೇ. ವ್ಯತ್ಯಾಸಗಳೂ ಇಲ್ಲದಿಲ್ಲ. ಅಮೆರಿಕದಲ್ಲಿ ಭೇದ ಚರ್ಮದ ಮೇಲೆ ಕಾಣುತ್ತಿತ್ತು. ನಮ್ಮಲ್ಲಿ ಅದು ಊರಿನ ನಕ್ಷೆಯಲ್ಲಿ ಕಾಣುತ್ತದೆ.

ಆ ನಕ್ಷೆಯನ್ನು ನೋಡೋಣ. 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದು ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಬೇರ್ಪಟ್ಟ ಈ ಸೀಮೆ ಜೀವನದಿಯಿಲ್ಲದ ಸೀಮೆ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ವಲಸೆ. ರಾಗಿ, ನೆಲಗಡಲೆ, ಹಿಪ್ಪುನೇರಳೆ ಇಲ್ಲಿಯ ಬೆಳೆಗಳು. ರೇಷ್ಮೆಗೂಡಿನ ಮಾರುಕಟ್ಟೆಗೆ ಶಿಡ್ಲಘಟ್ಟ ಪ್ರಸಿದ್ಧ. ಜನಸಂಖ್ಯೆಯಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಪರಿಶಿಷ್ಟ ಜಾತಿಯವರು, ಎಂದರೆ ಇಡೀ ರಾಜ್ಯದ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚು. ಊರು ಒಂದು ಕಡೆ, ಕೇರಿ ಒಂದು ಕಡೆ. ಹೊಲೆಯರ ಕೇರಿ ಬೇರೆ, ಮಾದಿಗರ ಹಟ್ಟಿ ಬೇರೆ. ಈಗ ಅದೇ ಜಾಗಕ್ಕೆ ಎ.ಕೆ. (ಆದಿ ಕರ್ನಾಟಕ) ಕಾಲೋನಿ ಎನ್ನುತ್ತಾರೆ. ಕೇರಿಯ ಹಲವು ಮನೆಗಳ ಮಾತು ತೆಲುಗು, ಶಾಲೆಯ ಪುಸ್ತಕ ಕನ್ನಡ. ಊರ ಜಗುಲಿಯಲ್ಲೋ ಗುಡಿಯ ಪ್ರಾಂಗಣದಲ್ಲೋ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠದ ಅಯ್ಯನವರ ಮುಂದೆ ಊರಿನ ಶೆಟ್ಟರ, ಗೌಡರ, ಶ್ಯಾನುಭೋಗರ ಮಕ್ಕಳು ಕೂತರೇ ಹೊರತು ಕೇರಿಯ ಮಗುವಿಗೆ ಆ ಜಗುಲಿಯನ್ನು ಹತ್ತುವ ಅಧಿಕಾರವಿರಲಿಲ್ಲ. ಅಕ್ಷರವಿದ್ದಲ್ಲಿಗೆ ದಾರಿಯೇ ಇಲ್ಲದಿದ್ದಾಗ ವಿದ್ಯೆಯ ಅಪೇಕ್ಷೆ ಅವರಲ್ಲಿರಲಿಲ್ಲವೆಂದು ಅಂದಿನವರು ಬರೆದುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ.

ಮೊದಲು ದಾರಿ ಮಾಡಿದವರಲ್ಲಿ ಪಾದ್ರಿಗಳಿದ್ದರು. ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ನೆಲೆಯೂರಿ ಆಸ್ಪತ್ರೆಯನ್ನು ನಡೆಸಿದರು. ಇಂದಿಗೂ ಊರಿನವರು ಸಿ.ಎಸ್.ಐ. ಆಸ್ಪತ್ರೆಯೆಂದರೆ ಯಾವುದೆಂದು ತಿಳಿಯದವರಲ್ಲ. ಮಿಷನ್ನುಗಳ ಉದ್ದೇಶವನ್ನು ಕುರಿತು ಎಷ್ಟು ವಾದವನ್ನಾದರೂ ಮಾಡಬಹುದು. ಆದರೆ ಕೇರಿಯ ಮಗುವನ್ನು ಮುಟ್ಟಿ ಅದರ ಕೈಹಿಡಿದು ಹಲಗೆಯ ಮೇಲೆ ಬರೆಯಿಸಿದ ಮೊದಲ ಕೈಗಳಲ್ಲಿ ಅವರ ಕೈಯೂ ಒಂದೆಂಬುದನ್ನು ಅಲ್ಲಗಳೆಯಲಾಗದು. ಮತಾಂತರದ ಗೊಡವೆಯಿಲ್ಲದೆ ಈ ಕೆಲಸವನ್ನು ಕೈಗೊಂಡ ಕನ್ನಡ ನಾಡಿನ ಹಿರಿಯರಲ್ಲಿ ಕುದ್ಮುಲ್ ರಂಗರಾಯರು ಅಗ್ರಗಣ್ಯರು. 1892ರಲ್ಲಿ ಮಂಗಳೂರಿನಲ್ಲಿ ಶಾಲೆಯನ್ನು ತೆರೆದು, 1897ರಲ್ಲಿ ಅದಕ್ಕೊಂದು ಸಂಸ್ಥೆಯ ರೂಪವನ್ನು ಕೊಟ್ಟು, ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ ಅವರು ಮಾಡಿದ ಕೆಲಸಕ್ಕೆ ಸಮನಾದುದು ಬಯಲುಸೀಮೆಯಲ್ಲಿ ಆ ಕಾಲಕ್ಕೆ ಕಂಡುಬರುವುದಿಲ್ಲ.

ಬಯಲುಸೀಮೆಯಲ್ಲಿ ಆ ಕೆಲಸ ಹೆಚ್ಚಾಗಿ ಸರ್ಕಾರದ ಪಾಲಿಗೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಪಂಚಮ ಶಾಲೆಗಳ ಸಂಖ್ಯೆ ಹೆಚ್ಚಿತು, ಪುಸ್ತಕ ಬಟ್ಟೆಗಳ ಸಹಾಯ ಬಂದಿತು, ವಿದ್ಯಾರ್ಥಿವೇತನಗಳು ಗೊತ್ತಾದವು. ಚಿಕ್ಕಬಳ್ಳಾಪುರಕ್ಕೆ ಅನತಿದೂರದ ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದ ಶಾಲೆಯಲ್ಲೇ ಓದಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಜಾರಿಗೆ ಬಂದಿತು. ತಮ್ಮ ಬಾಲ್ಯದ ಬಡತನವನ್ನು ಮರೆಯದೆ ವಿದ್ಯೆಯೊಂದೇ ರಾಷ್ಟ್ರದ ಮೂಲಧನವೆಂದು ನಂಬಿದ ಆ ಮಹನೀಯರು ಸರ್ಕಾರಿ ಹುದ್ದೆಗಳನ್ನು ಜಾತಿಯ ಪ್ರಮಾಣದಲ್ಲಿ ಹಂಚುವ ವಿಚಾರಕ್ಕೆ ಮಾತ್ರ ಒಪ್ಪಲಿಲ್ಲ. 1918ರಲ್ಲಿ ಆ ವಿಚಾರವನ್ನು ಪರಿಶೀಲಿಸಲು ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾದ ವರ್ಷವೇ ಅವರು ಅಧಿಕಾರವನ್ನು ಬಿಟ್ಟುದು ನಮ್ಮ ಚರಿತ್ರೆಯ ಪ್ರಸಿದ್ಧ ಸಂಗತಿ. ಅರ್ಹತೆಯನ್ನು ಕಾಪಾಡಬೇಕೆಂಬ ಅವರ ನಿಷ್ಠೆ ಗೌರವಾರ್ಹವಾದುದೇ. ಆದರೆ ಅರ್ಹತೆ ಬೆಳೆಯತಕ್ಕ ನೆಲ ಎಲ್ಲರಿಗೂ ಸಮನಾಗಿ ದೊರೆತಿರಲಿಲ್ಲವೆಂಬುದನ್ನು ಅವರ ಹುಟ್ಟೂರಿನ ಸುತ್ತಣ ಕೇರಿಗಳೇ ಸಾರುತ್ತಿದ್ದವು.

ಈ ಕಾಲದಲ್ಲಿಯೇ ನಿಜವಾದ ತಿರುವು ಬಂದಿತು. ನಮ್ಮ ಸೀಮೆಗೆ ನೆರೆಯ ಚಿತ್ತೂರಿನ ಕಡೆಯವರೂ, ತೆಲುಗಿನಲ್ಲಿ ಹೆಸರುವಾಸಿಯಾದ ಕವಿಯೂ ವಿಮರ್ಶಕರೂ ಆದ ಕಟ್ಟಮಂಚಿ ರಾಮಲಿಂಗ ರೆಡ್ಡಿಯವರು ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ಬಂದಾಗ, ಪಂಚಮರ ಮಕ್ಕಳಿಗೆ ಪ್ರತ್ಯೇಕ ಶಾಲೆಯಷ್ಟನ್ನೇ ಕೊಟ್ಟು ಕೈತೊಳೆದುಕೊಳ್ಳುವುದು ಸಲ್ಲದು, ಸರ್ಕಾರದ ಹಣದಲ್ಲಿ ನಡೆಯುವ ಪ್ರತಿಯೊಂದು ಶಾಲೆಯ ಬಾಗಿಲೂ ಅವರಿಗೆ ತೆರೆದಿರಬೇಕು ಎಂಬ ನಿಲುವನ್ನು ತಳೆದರು. ಕೋಲಾಹಲವೆದ್ದಿತು. ಕೆಲವೆಡೆ ಸವರ್ಣೀಯರು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಶಾಸ್ತ್ರದ ಹೆಸರಿನಲ್ಲಿ ಮನವಿಗಳು ಹೊರಟವು. ಬಾಗಿಲು ತೆರೆದಲ್ಲಿಯೂ ಜಾಗ ಸಿಕ್ಕಿತೆಂದು ಹೇಳುವಂತಿಲ್ಲ. ಒಳಗೆ ಬಿಟ್ಟ ಮಗುವನ್ನು ಹಿಂದಿನ ಮೂಲೆಯಲ್ಲಿ ಬೇರೆಯಾಗಿ ಕೂರಿಸುವುದು, ಬಿಡದೆಡೆ ಜಗುಲಿಯಲ್ಲಿ ಕಿಟಕಿಯ ಪಕ್ಕದಲ್ಲಿ ಕೂರಿಸಿ ಪಾಠವನ್ನು ಕೇಳಿಸುವುದು, ನೀರಿನ ಹೂಜಿಯನ್ನು ಮುಟ್ಟಗೊಡದೆ ಮೇಲಿನಿಂದ ಬೊಗಸೆಗೆ ಹೊಯ್ಯುವುದು ಇವೇ ಬಹುಕಾಲ ನಡೆದ ರಾಜಿಗಳು. ಆದರೂ ಅಮೆರಿಕದ ಶ್ರೇಷ್ಠ ನ್ಯಾಯಾಲಯ 1954ರಲ್ಲಿ ಹೇಳಿದ ಮಾತನ್ನು ಮೈಸೂರಿನ ಒಬ್ಬ ಅಧಿಕಾರಿ ಮೂರು ದಶಕಗಳಿಗೂ ಮೊದಲೇ ಆಚರಣೆಗೆ ತರಲೆತ್ನಿಸಿದನೆಂಬುದು ಸಣ್ಣ ಸಂಗತಿಯಲ್ಲ. ರೆಡ್ಡಿಯವರ ಸಾಹಿತ್ಯಕ್ಕೆ ಸಂದಿರುವ ಕೀರ್ತಿಯ ಕಾಲುಪಾಲೂ ಅವರ ಈ ಧೈರ್ಯಕ್ಕೆ ಸಲ್ಲಲಿಲ್ಲ.

ಶಾಲೆಯ ಬಾಗಿಲು ತೆರೆದೊಡನೆ ಇನ್ನೊಂದು ಬಾಗಿಲು ಮುಚ್ಚಿರುವುದು ಕಾಣಿಸಿತು. ಪ್ರೌಢಶಾಲೆ ಇದ್ದುದು ಪಟ್ಟಣದಲ್ಲಿ. ಹಳ್ಳಿಯ ಹುಡುಗ ಪಟ್ಟಣದಲ್ಲಿ ಎಲ್ಲಿ ಉಳಿಯಬೇಕು, ಏನನ್ನು ಉಣ್ಣಬೇಕು? ಸವರ್ಣೀಯರ ಮಕ್ಕಳಿಗೆ ವಾರಾನ್ನವಿತ್ತು, ನೆಂಟರ ಮನೆಯಿತ್ತು, ಛತ್ರವಿತ್ತು. ಒಕ್ಕಲಿಗರು 1906ರಲ್ಲಿ ತಮ್ಮ ಸಂಘವನ್ನು ಕಟ್ಟಿಕೊಂಡರು, ಲಿಂಗಾಯತರಿಗೆ ಮಠಗಳಿದ್ದವು, ಒಂದೊಂದು ಜಾತಿಯ ಮುಂದಾಳುಗಳೂ ಬೆಂಗಳೂರಿನಲ್ಲಿ ತಮ್ಮ ತಮ್ಮ ಹುಡುಗರಿಗಾಗಿ ಹಾಸ್ಟೆಲುಗಳನ್ನು ತೆರೆದರು. ಕೇರಿಯವರಿಗೆ ಮಠವೂ ಇಲ್ಲ, ಸಂಘಕ್ಕೆ ಹಣ ಕೂಡಿಸುವ ಸಾಹುಕಾರರೂ ಇಲ್ಲ, ಬಾಡಿಗೆಗೆ ಕೊಠಡಿ ಕೊಡುವವರಂತೂ ಮೊದಲೇ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲಿನ ಆಸೆಗೆ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿಯೇ ಹೋದರೆಂಬುದು ಈ ಸೀಮೆಯ ಮನೆಮನೆಯ ಮಾತು. ಅವರು ಮುಂದೆ ಅಮೆರಿಕದ ಒಹಾಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು, ಜೀವಮಾನದ ಬಹುಭಾಗವನ್ನು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೊಠಡಿಯಲ್ಲಿ ಕಳೆದರು. ತಾವು ನಡೆದ ದಾರಿಯನ್ನು ಇತರ ಮಕ್ಕಳು ನಡೆಯಬೇಕಾಗದಿರಲೆಂದು ಹೊಸೂರು, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಶಾಲಾ ಕಾಲೇಜುಗಳನ್ನು ಕಟ್ಟಿಸಿದರು. ನರಸಿಂಹಯ್ಯನವರು ಅಸ್ಪೃಶ್ಯರಲ್ಲ; ಆದುದರಿಂದಲೇ ಅವರ ಉದಾಹರಣೆ ನಮ್ಮ ವಿಷಯಕ್ಕೆ ಅಳತೆಗೋಲಾಗುತ್ತದೆ. ಅವರಿಗೆ ಅಷ್ಟು ದುರ್ಗಮವಾಗಿದ್ದ ದಾರಿ ಕೇರಿಯ ಹುಡುಗನಿಗೆ ಎಷ್ಟು ದುರ್ಗಮವಾಗಿರಬೇಕು?

ಈ ಕೊರತೆಯನ್ನು ಕಂಡ ಕೆಲವರಿದ್ದರು. ಮೈಸೂರಿನಲ್ಲಿ ಪಂಚಮ ಬಾಲಕರಿಗಾಗಿ ಸರ್ಕಾರದ ವಸತಿಶಾಲೆ ನಡೆಯಿತು. ಅಲ್ಲಿ ಅಕ್ಷರದ ಜೊತೆಗೆ ಮರಗೆಲಸ, ನೇಯ್ಗೆ, ಚರ್ಮದ ಕೆಲಸಗಳನ್ನು ಕಲಿಸಿದರು. ಚರ್ಮದ ಕೆಲಸವನ್ನು ಆ ಮಕ್ಕಳಿಗೇ ಏಕೆ ಕಲಿಸಬೇಕಾಗಿತ್ತೆಂದು ಇಂದು ಕೇಳಬಹುದು, ಕೇಳಲೂ ಬೇಕು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಎಂಬ ಬ್ರಾಹ್ಮಣ ಗೃಹಸ್ಥರು ಈ ಮಕ್ಕಳ ಊಟ ವಸತಿಗಳ ಚಿಂತೆಯನ್ನೇ ತಮ್ಮ ಜೀವನದ ವ್ರತವನ್ನಾಗಿ ಮಾಡಿಕೊಂಡರು. ಗಾಂಧಿನಗರದಲ್ಲಿ ಅವರ ಹೆಸರನ್ನು ಹೊತ್ತ ಹಾಸ್ಟೆಲು ಮುಂದೆ ಎಷ್ಟು ತಲೆಮಾರುಗಳನ್ನು ಸಾಕಿತೆಂಬುದಕ್ಕೆ ಕವಿ ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ಯೇ ಸಾಕ್ಷಿ. ಉತ್ತರದಲ್ಲಿ, ಧಾರವಾಡದ ಕೊಪ್ಪದ ಕೆರೆಯ ಬಳಿ ಅಂಬೇಡ್ಕರರ ಪ್ರೇರಣೆಯಿಂದಲೇ ಒಂದು ವಿದ್ಯಾರ್ಥಿನಿಲಯ ಹುಟ್ಟಿತು. ಮಹಾತ್ಮ ಗಾಂಧಿಯವರು 1927ರಲ್ಲಿ ದೇಹಾಲಸ್ಯದಿಂದ ಚೇತರಿಸಿಕೊಳ್ಳಲು ನಂದಿಬೆಟ್ಟದಲ್ಲಿ ವಾರಗಟ್ಟಲೆ ತಂಗಿದ್ದರು, 1936ರಲ್ಲಿ ಮತ್ತೆ ಬಂದರು; ಅವರ ಪ್ರೇರಣೆಯಿಂದ 1932ರಲ್ಲಿ ಹುಟ್ಟಿದ ಹರಿಜನ ಸೇವಕ ಸಂಘದ ಪ್ರಭಾವ ಊರಿನ ಉದಾರಿಗಳ ಮನಸ್ಸನ್ನು ಕೊಂಚ ತಿರುಗಿಸಿತು. ಅದಕ್ಕಿಂತ ಹೆಚ್ಚು ಹೇಳಿದರೆ ಅತಿಶಯೋಕ್ತಿಯಾದೀತು.

ಇನ್ನು ಸ್ವಾತಂತ್ರ್ಯದ ಹಿಂದುಮುಂದಿನ ಕಾಲ. ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿದ್ದಾಗ, 1944ರಲ್ಲಿ, ಮೆಟ್ರಿಕ್ಯುಲೇಷನ್ನಿನ ಮುಂದೆ ಓದುವ ಪರಿಶಿಷ್ಟ ಜಾತಿಯವರಿಗೆ ಭಾರತ ಸರ್ಕಾರದ ವಿದ್ಯಾರ್ಥಿವೇತನ ಆರಂಭವಾಯಿತು. ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಮೈಸೂರನ್ನು ಪ್ರತಿನಿಧಿಸಿದವರಲ್ಲಿ ಕೋಲಾರದ ಟಿ. ಚನ್ನಯ್ಯನವರೂ ಒಬ್ಬರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಶಾಲೆಗೆ ಮಾತ್ರವಲ್ಲದೆ ಅದಕ್ಕೆ ಸೇರಿದ ವಿದ್ಯಾರ್ಥಿನಿಲಯಕ್ಕೂ ಪ್ರವೇಶವನ್ನು ನಿರಾಕರಿಸುವುದನ್ನು ಶಿಕ್ಷಾರ್ಹವೆಂದು ಸಾರಿತು. ಪಂಚಮ ಶಾಲೆಗಳು ಸದ್ದಿಲ್ಲದೆ ಸಾಮಾನ್ಯ ಶಾಲೆಗಳಲ್ಲಿ ಲೀನವಾದವು. ಆ ಲೀನತೆಯನ್ನು ಯಾರೂ ವಿರೋಧಿಸಲಿಲ್ಲ, ವಿರೋಧಿಸಬೇಕಾದ ಕಾರಣವೂ ಇರಲಿಲ್ಲ. ಆ ಶಾಲೆಗಳಿಗೆ ಡನ್‌ಬರ್ ಶಾಲೆಗಿದ್ದಂಥ ವಿದ್ವಾಂಸರಾಗಲಿ ಕಟ್ಟಡವಾಗಲಿ ಇರಲಿಲ್ಲ, ಬಹುಪಾಲು ಏಕೋಪಾಧ್ಯಾಯ ಪ್ರಾಥಮಿಕ ಶಾಲೆಗಳವು, ಪ್ರೌಢಶಾಲೆಯ ಮಟ್ಟವನ್ನು ಮುಟ್ಟಿದವು ತೀರ ವಿರಳ. ಕಪ್ಪು ಜನರ ಹೈಸ್ಕೂಲು ತನ್ನ ಸಮಾಜಕ್ಕೆ ಮಾಡಿದ ಕಾರ್ಯವನ್ನು ನಮ್ಮಲ್ಲಿ ಮಾಡಿದುದು ಶಾಲೆಯಲ್ಲ, ಹಾಸ್ಟೆಲು. ಈ ಲೇಖನದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವ ಮಾತು ಮುಖ್ಯವಾಗಿ ಇದೇ.

ಏಕೀಕರಣದ ತರುವಾಯ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ದೊಡ್ಡ ಹೋಬಳಿಗಳಲ್ಲಿಯೂ ಒಂದೊಂದಾಗಿ ತೆರೆದವು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಅವುಗಳಿಗೂ ಹಿಂದುಳಿದ ವರ್ಗಗಳ ಹಾಸ್ಟೆಲುಗಳಿಗೂ ವೇಗ ದೊರೆಯಿತು. ಹಾಸ್ಟೆಲೆಂದರೆ ಬಹುಮಟ್ಟಿಗೆ ಬಾಡಿಗೆಯ ಹಳೆಯ ಮನೆ. ಹೆಂಚಿನ ಸೂರು, ಒಂದೇ ದೊಡ್ಡ ಹಜಾರ, ಗೋಡೆಯ ಉದ್ದಕ್ಕೂ ತಗಡಿನ ಟ್ರಂಕುಗಳು, ಸುತ್ತಿಟ್ಟ ಚಾಪೆಗಳು. ಬೆಳಿಗ್ಗೆ ಪ್ರಾರ್ಥನೆ, ರಾತ್ರಿ ಮುದ್ದೆ ಸಾರು, ವಾರ್ಡನ್ನಿನ ಹಾಜರಿ. ಅಡಿಗೆಯವನು ತಟ್ಟೆಗೆ ಹಾಕುವ ಸಾರಿನಲ್ಲಿ ಕಾಳನ್ನು ಹುಡುಕುವ ಪರಿಹಾಸ್ಯ ಪ್ರತಿಯೊಂದು ಹಾಸ್ಟೆಲಿನಲ್ಲೂ ಪರಂಪರೆಯಿಂದ ಬಂದುದು. ಆದರೆ ಆ ಬಡ ಸೂರಿನ ಕೆಳಗೆ ನಡೆದ ಒಂದು ಸಂಗತಿ ಸಮಾಜಶಾಸ್ತ್ರಜ್ಞರ ಗಮನಕ್ಕೆ ಸಾಕಷ್ಟು ಬಂದಿಲ್ಲ. ಊರಿನಲ್ಲಿ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದ ಬಲಗೈ ಎಡಗೈಗಳ ಮಕ್ಕಳು, ಎಂದರೆ ಹೊಲೆಯರ ಹುಡುಗನೂ ಮಾದಿಗರ ಹುಡುಗನೂ, ಅವರೊಡನೆ ಬೋವಿಯ ಹುಡುಗನೂ, ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪಾತ್ರೆಯ ಮುದ್ದೆಯನ್ನುಂಡರು. ಸವರ್ಣೀಯರೊಡನೆ ಸಹಭೋಜನವನ್ನು ಕುರಿತು ವೇದಿಕೆಗಳ ಮೇಲೆ ಭಾಷಣಗಳಾಗುತ್ತಿದ್ದಾಗ ಕೇರಿಗಳ ಒಳಭೇದವನ್ನು ಸದ್ದಿಲ್ಲದೆ ಕರಗಿಸಿದುದು ಈ ಊಟದ ಸಾಲು. ಪೂರ್ಣವಾಗಿ ಕರಗಿತೆಂದು ಹೇಳಲಾರೆ; ಒಳಮೀಸಲಾತಿಯ ಈಚಿನ ವಿವಾದಗಳನ್ನು ಬಲ್ಲ ಯಾರೂ ಹಾಗೆ ಹೇಳಲಾರರು.

ಪರಂಪರೆಗಳೆಂದರೆ ಗಂಟೆ, ಲಾಂಛನ, ಗೀತೆಗಳೇ ಆಗಬೇಕೆಂದಿಲ್ಲ. ಹಿರಿಯ ಹುಡುಗನು ತೇರ್ಗಡೆಯಾದೊಡನೆ ತನ್ನ ಪಠ್ಯಪುಸ್ತಕಗಳಿಗೆ ಹೊಸ ರಟ್ಟು ಹಾಕಿ ಕಿರಿಯನಿಗೆ ಒಪ್ಪಿಸುವುದು ಒಂದು ಪರಂಪರೆ. ಮನೆಯಲ್ಲಿ ತೆಲುಗಾಡಿ ಬಂದ ಐದನೆಯ ತರಗತಿಯ ಮಗುವಿಗೆ ಕನ್ನಡದ ಒತ್ತಕ್ಷರವನ್ನು ಹತ್ತನೆಯ ತರಗತಿಯವನು ಚಿಮಣಿ ದೀಪದ ಮುಂದೆ ತಿದ್ದಿಸುವುದು ಒಂದು ಪರಂಪರೆ. ‘ಅಣ್ಣ’ ಎಂದು ಕರೆಯಿಸಿಕೊಂಡವನು ನೌಕರಿ ಸಿಕ್ಕ ಮೇಲೂ ಆ ಅಣ್ಣತನವನ್ನು ಉಳಿಸಿಕೊಂಡು ಅರ್ಜಿ ಬರೆದುಕೊಡುವುದು, ಸಂದರ್ಶನದ ದಿನಕ್ಕೆ ಅಂಗಿ ಕೊಡುವುದು ಇನ್ನೊಂದು. ಗೋಡೆಯ ಮೇಲೆ ಗಾಂಧಿಯವರ ಪಟವೊಂದೇ ಇದ್ದ ಕಾಲ ಹೋಗಿ ಅಂಬೇಡ್ಕರರ ಪಟ ಬಂದಿತು. ಏಪ್ರಿಲ್ 14 ಹಾಸ್ಟೆಲಿನ ಹಬ್ಬವಾಯಿತು. 1970ರ ದಶಕದಲ್ಲಿ, ಕನ್ನಡ ಸಾಹಿತ್ಯವನ್ನು ಕುರಿತು ಸಚಿವ ಬಿ. ಬಸವಲಿಂಗಪ್ಪನವರು ಆಡಿದ ‘ಬೂಸಾ’ ಮಾತಿನಿಂದ 1973ರಲ್ಲಿ ಎದ್ದ ಗಲಭೆಯ ತರುವಾಯ, ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೆ ಹಬ್ಬಿದಾಗ ಅದರ ಶಾಖೆಗಳಿಗೆ ಕಚೇರಿಯೆಂಬುದಿರಲಿಲ್ಲ, ಹಾಸ್ಟೆಲಿನ ಕೊಠಡಿಗಳೇ ಕಚೇರಿಗಳಾದವು. ಹೋರಾಟದ ಹಾಡುಗಳಿಗೆ ಕೋಲಾರದ ಸೀಮೆ ಹೆಸರಾದುದು ಆಕಸ್ಮಿಕವಲ್ಲ. ತತ್ತ್ವಪದವನ್ನೂ ಕೋಲಾಟದ ಪದವನ್ನೂ ಕೇಳಿ ಬೆಳೆದ ಮಕ್ಕಳು ಹಾಸ್ಟೆಲಿನ ಹಜಾರದಲ್ಲಿ ತಮಟೆಯನ್ನು ಹೊಸ ಅರ್ಥಕ್ಕೆ ಬಾರಿಸಿದರು. ಹೆಣ್ಣುಮಕ್ಕಳ ಹಾಸ್ಟೆಲುಗಳು ಬಂದುದು ತಡವಾಗಿ, ಬಂದವುಗಳ ಸಂಖ್ಯೆಯೂ ಕಡಮೆ. ಈ ಪರಂಪರೆಯ ಅರ್ಧಭಾಗ ಹಾಗಾಗಿ ಬಹುಕಾಲ ಬರಿದಾಗಿಯೇ ಉಳಿಯಿತು.

ಹಾಸ್ಟೆಲಿನ ಹೊರಗೆ ಲೋಕ ಬದಲಾಗಲಿಲ್ಲವೆಂಬುದನ್ನೂ ಹೇಳಬೇಕು. 1976ರ ಕಾಯಿದೆಯಿಂದ ಜೀತ ರದ್ದಾದರೂ ಸಾಲಕ್ಕೆ ಮಗನನ್ನು ದನ ಕಾಯಲು ಬಿಡುವ ಪದ್ಧತಿ ಕೂಡಲೇ ನಿಲ್ಲಲಿಲ್ಲ. ರೇಷ್ಮೆ ಬಿಚ್ಚಾಣಿಕೆಯ ಕೆಲಸದಲ್ಲಿ ಕುದಿಯುವ ನೀರಿನ ಬೇಸಿನ್ನಿನ ಮುಂದೆ ಎಳೆಯ ಬೆರಳುಗಳು ದುಡಿದವು. ದಲಿತರ ಮಕ್ಕಳು, ಮುಸಲ್ಮಾನರ ಮಕ್ಕಳು ಅಲ್ಲಿ ಹೆಚ್ಚು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಸಹಿತ ಸುಟ್ಟರು. 2006ರಲ್ಲಿ ನ್ಯಾಯಾಲಯ ಆಪಾದಿತರನ್ನೆಲ್ಲ ಬಿಡುಗಡೆ ಮಾಡಿತು. ನೆರೆಯ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ, ಇನ್ನೂ ಈಚೆಗೆ, ದಲಿತ ಹೆಂಗಸು ಬೇಯಿಸಿದ ಬಿಸಿಯೂಟವೆಂಬ ಕಾರಣಕ್ಕೆ ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿಕೊಂಡ ಪಾಲಕರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಾಗ, ರೆಡ್ಡಿಯವರ ಕಾಲದ ಮನವಿಗಳೇ ಮರುಮುದ್ರಣಗೊಂಡಂತೆ ತೋರಿತು.

1990ರ ದಶಕದ ಉತ್ತರಾರ್ಧದಲ್ಲಿ ಮೊರಾರ್ಜಿ ದೇಸಾಯಿ ವಸತಿಶಾಲೆಗಳು, ಅನಂತರ ಪರಿಶಿಷ್ಟರಿಗೆ ಪ್ರಧಾನವಾಗಿ ಮೀಸಲಾದ ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳು ಬಂದವು. ಇವುಗಳನ್ನೆಲ್ಲ ನಡೆಸಲು 1999ರಲ್ಲಿ ಒಂದು ಸಂಘವೇ ರಚಿತವಾಯಿತು. ಆರನೆಯ ತರಗತಿಯಿಂದ ಹತ್ತನೆಯದರವರೆಗೆ ಊಟ, ವಸತಿ, ಪಾಠಗಳು ಒಂದೇ ಆವರಣದಲ್ಲಿ. ಅಮೆರಿಕದ ಆ ಹೈಸ್ಕೂಲುಗಳಿಗೆ ಸ್ವರೂಪದಲ್ಲಿ ಅತ್ಯಂತ ಹತ್ತಿರದವು ಇವೇ. ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸಲು ಕೂಲಿಯವರೂ ಹಣ ಕಟ್ಟುತ್ತಿರುವುದು ಅವುಗಳ ಕೀರ್ತಿಗೆ ಪ್ರಮಾಣ. ಆದರೆ ಹಳ್ಳಿಗಳಲ್ಲಿ ಇನ್ನೊಂದು ಬದಲಾವಣೆ ನಡೆದಿದೆ. ಅನುಕೂಲಸ್ಥರ ಮಕ್ಕಳು ಹಳದಿ ಬಣ್ಣದ ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಕಾನ್ವೆಂಟಿಗೆ ಹೊರಟುಹೋದ ಮೇಲೆ ಊರಿನ ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಯಾರು? ಹೆಚ್ಚಾಗಿ ಕೇರಿಯ ಮಕ್ಕಳೇ. ಯಾವ ಆಜ್ಞೆಯೂ ಇಲ್ಲದೆ, ಯಾರ ಮನವಿಯೂ ಇಲ್ಲದೆ, ಶುಲ್ಕದ ರಸೀತಿಯೊಂದರಿಂದಲೇ ಪಂಚಮ ಶಾಲೆ ಮರಳಿ ಬರುತ್ತಿದೆ. 2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಮಕ್ಕಳಿಂದ ಓದಿಸುತ್ತಿದ್ದಾರೆ. ಅದರಲ್ಲಿರುವ ಭ್ರಾತೃತ್ವವನ್ನು ಯಾರೊಡನೆ ಆಚರಿಸಬೇಕೋ ಆ ಮಕ್ಕಳು ಆ ತರಗತಿಯಲ್ಲಿಲ್ಲ. ಪ್ರತ್ಯೇಕತೆಯನ್ನು ಕಾನೂನು ಅಳಿಸಿತು, ಸಂತೆ ಮರಳಿ ಬರೆಯಿತು ಎಂಬುದೇ ಈ ವಿಷಯದಲ್ಲಿ ನನ್ನ ತೀರ್ಮಾನ. ಅಮೆರಿಕದಲ್ಲಿಯೂ ವಾಸದ ಬಡಾವಣೆಗಳ ಮೂಲಕ ಇದೇ ಬಗೆಯದು ನಡೆದಿದೆಯೆಂದು ಅಲ್ಲಿಯ ವಿದ್ವಾಂಸರು ಹೇಳುತ್ತಾರೆ.

ಕೊನೆಯದಾಗಿ ಒಂದು ವ್ಯಾವಹಾರಿಕ ವಿಷಯ. ಡನ್‌ಬರ್, ಮೋಟನ್ ಶಾಲೆಗಳ ಚರಿತ್ರೆಯನ್ನು ನಾವು ಇಷ್ಟು ದೂರದಿಂದ ಬರೆಯಬಲ್ಲೆವು, ಚಿಂತಾಮಣಿಯ ಹಾಸ್ಟೆಲಿನ ಚರಿತ್ರೆಯನ್ನು ಬರೆಯಲಾರೆವು; ಕಾರಣ, ಅಲ್ಲಿಯವರು ಕಾಗದಗಳನ್ನು ಉಳಿಸಿಕೊಂಡರು. ನಮ್ಮ ಹಳೆಯ ದಾಖಲಾತಿ ರಿಜಿಸ್ಟರುಗಳಲ್ಲಿ, ಹಾಜರಿ ಪುಸ್ತಕಗಳಲ್ಲಿ, ವರ್ಗಾವಣೆ ಪತ್ರದ ಅರೆಪ್ರತಿಗಳಲ್ಲಿ ಮಗುವಿನ ಹೆಸರು, ತಂದೆಯ ಕಸುಬು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣಗಳೆಲ್ಲ ಉಂಟು. ಅವು ಗೆದ್ದಲಿಗೂ ರದ್ದಿಯವನಿಗೂ ಹೋಗುತ್ತಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಾಸ್ಟೆಲುಗಳಲ್ಲಿ ಉಂಡು ಓದಿ ಇಂದು ನೌಕರಿಯಲ್ಲಿಯೋ ನಿವೃತ್ತಿಯಲ್ಲಿಯೋ ಇರುವ ಮಹನೀಯರು ತಮ್ಮ ತಮ್ಮ ಹಾಸ್ಟೆಲಿನ ಹಳೆಯ ವಿದ್ಯಾರ್ಥಿಗಳ ಸಂಘವೊಂದನ್ನು ಕಟ್ಟಿಕೊಂಡು, ವಾರ್ಡನ್ನರ ಅನುಮತಿ ಪಡೆದು, ಆ ರಿಜಿಸ್ಟರುಗಳ ಪ್ರತಿಯನ್ನು ಮಾಡಿಸಿ ಒಂದನ್ನು ಜಿಲ್ಲಾ ಗ್ರಂಥಾಲಯದಲ್ಲಿಯೂ ಒಂದನ್ನು ರಾಜ್ಯ ಪತ್ರಾಗಾರದಲ್ಲಿಯೂ ಇರಿಸುವ ಏರ್ಪಾಡನ್ನು ಬರುವ ಏಪ್ರಿಲ್ 14ರೊಳಗಾಗಿ ಮಾಡಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.